ಲೈಂಚೌರ್‌ನ ಗೋಡೆಯಾಚೆಯ ಕಡತಗಳು: ವಿದೇಶಾಂಗ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ವಿದೇಶಾಂಗ ವ್ಯವಹಾರಗಳ ಸಚಿವರಿಗೆ ನಮಸ್ಕಾರ.

ಇದು ವೀಸಾ, ಪಾಸ್‌ಪೋರ್ಟ್ ಬಗ್ಗೆ ಬರೆದ ದೂರು ಅಲ್ಲ. ನೇಪಾಳಕ್ಕೆ ಹೋಗಲು ನಮಗೆ ಅವೆರಡೂ ಬೇಕಿಲ್ಲ, ಮತದಾರರ ಗುರುತಿನ ಚೀಟಿ ಇದ್ದರೆ ಸಾಕು. ಕಠ್ಮಂಡುವಿನ ಲೈಂಚೌರ್‌ನಲ್ಲಿ ನಮ್ಮ ರಾಯಭಾರ ಕಚೇರಿ ಇದೆಯಲ್ಲ, ಅಲ್ಲಿಂದ ದೆಹಲಿಗೆ ಬಂದ ಹಳೆಯ ಕಾಗದಪತ್ರಗಳ ಬಗ್ಗೆ ಈ ಪತ್ರ. ಅವುಗಳನ್ನು ತೆರೆಯಿರಿ ಎಂದು ಕೇಳುತ್ತಿದ್ದೇನೆ. ಯಾಕೆ ಕೇಳುತ್ತಿದ್ದೇನೆ ಅಂತ ಹೇಳಲು ಸುಮಾರು ಹಿಂದಕ್ಕೆ ಹೋಗಬೇಕು. ಸ್ವಲ್ಪ ಪುರುಸೊತ್ತು ಮಾಡಿಕೊಂಡು ಓದಿ.

ಕರ್ನಾಟಕದಲ್ಲಿ ಕೂತವನಿಗೆ ಕಠ್ಮಂಡುವಿನ ಉಸಾಬರಿ ಯಾಕೆ ಎಂದು ನಿಮ್ಮ ಅಧಿಕಾರಿಗಳು ಕೇಳಬಹುದು. ಪಶುಪತಿನಾಥನಿಗೆ ದಿನವೂ ಪೂಜೆ ಮಾಡುವ ಭಟ್ಟರು ನಮ್ಮ ಕರಾವಳಿಯ ಕಡೆಯವರು. ಆ ಸಂಬಂಧ ಹಳೆಯದು. ಇನ್ನೊಂದು ಸಂಬಂಧವೂ ಇದೆ, ಅದು ಜಾಸ್ತಿ ಜನರಿಗೆ ಗೊತ್ತಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಲೈಂಚೌರ್‌ನ ಆ ಜಾಗದ ಕಥೆ ಶುರುವಾಗುವುದು ನೇಪಾಳದ ಒಂದು ಸೋಲಿನಿಂದ. 1814ರಿಂದ 1816ರವರೆಗೆ ಈಸ್ಟ್ ಇಂಡಿಯಾ ಕಂಪನಿಗೂ ನೇಪಾಳವನ್ನು ಆಳುತ್ತಿದ್ದ ಗೂರ್ಖಾ ರಾಜ್ಯಕ್ಕೂ ಯುದ್ಧ ನಡೆಯಿತು. ಕೊನೆಗೆ ಸುಗೌಲಿ ಒಪ್ಪಂದ ಆಯಿತು. ನೇಪಾಳ ತನ್ನ ನೆಲದ ದೊಡ್ಡ ಪಾಲನ್ನೇ ಕಳೆದುಕೊಂಡಿತು. ಆದರೆ ಕಠ್ಮಂಡುವಿನ ದರ್ಬಾರಿಗೆ ಅದಕ್ಕಿಂತ ಹೆಚ್ಚು ಚುಚ್ಚಿದ್ದು ಬೇರೆ ಒಂದು ಷರತ್ತು: ಕಂಪನಿಯ ಒಬ್ಬ ರೆಸಿಡೆಂಟ್, ಅಂದರೆ ಪ್ರತಿನಿಧಿ, ರಾಜಧಾನಿಯಲ್ಲೇ ಕಾಯಂ ಆಗಿ ಇರಬೇಕು. ರೆಸಿಡೆಂಟ್ ಬಂದು ಕೂತ ರಾಜ್ಯಗಳ ಗತಿ ಏನಾಗುತ್ತದೆ ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮೈಸೂರನ್ನು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹದಿನಾಲ್ಕು ವರ್ಷ ಮೊದಲು, 1802ರಲ್ಲಿ, ನಾಕ್ಸ್ ಎಂಬ ಕ್ಯಾಪ್ಟನ್ ಹಾಗೆ ಬಂದಿದ್ದ. ಮರುವರ್ಷವೇ ಜಾಗ ಖಾಲಿ ಮಾಡಿದ್ದ. ಈ ಸಲ ಹಾಗೆ ಸಾಗಹಾಕುವಂತಿರಲಿಲ್ಲ. 1816ರಲ್ಲಿ ಎಡ್ವರ್ಡ್ ಗಾರ್ಡ್ನರ್ ಬಂದು ಕೂತ.

ಊರಾಚೆ, ಯಾರೂ ಇರಲೊಲ್ಲದ ಜಾಗ, ಜ್ವರ ಬರಿಸುವ ಜಾಗ, ದೆವ್ವಗಳಿವೆ ಎಂದು ಜನ ಹೆದರುತ್ತಿದ್ದ ಜಾಗ. ರೆಸಿಡೆಂಟನಿಗೆ ಅಂಥದ್ದನ್ನೇ ಹುಡುಕಿ ಕೊಟ್ಟರು ಎಂಬ ಕಥೆ ಇದೆ. ನಿಜವೋ ಸುಳ್ಳೋ, ದರ್ಬಾರಿನ ಮನಸ್ಸಂತೂ ಅದರಲ್ಲಿ ಸರಿಯಾಗಿ ಕಾಣುತ್ತದೆ. ಬೇಡದ ಅತಿಥಿಯನ್ನು ಕೊಟ್ಟಿಗೆಯಲ್ಲಿ ಮಲಗಿಸಿದ ಹಾಗೆ! ಅವನು ಕಣಿವೆ ಬಿಟ್ಟು ಆಚೆ ಹೋಗುವಂತಿಲ್ಲ. ಯಾರ ಜೊತೆ ಮಾತಾಡುತ್ತಾನೆ, ಯಾರು ಬಂದು ಹೋಗುತ್ತಾರೆ ಎನ್ನುವುದರ ಮೇಲೆ ಕಾವಲು.

ಹೀಗೆ ಕಟ್ಟಿಹಾಕಿದ್ದರಿಂದ ಒಂದು ವಿಚಿತ್ರ ಲಾಭ ಆಯಿತು. 1820ರಲ್ಲಿ ಬ್ರಯನ್ ಹಾಟನ್ ಹಾಜ್‌ಸನ್ ಎಂಬ ಇಪ್ಪತ್ತರ ಹುಡುಗ ಸಹಾಯಕನಾಗಿ ಬಂದ. ನಡುವೆ ಸ್ವಲ್ಪ ಕಾಲ ಬಿಟ್ಟರೆ 1843ರ ತನಕ ಅಲ್ಲೇ ಇದ್ದ. 1833ರಿಂದ ಅವನೇ ರೆಸಿಡೆಂಟ್. ಆರೋಗ್ಯ ಸರಿ ಇರಲಿಲ್ಲವೆಂದು ಮಾಂಸ, ಮದ್ಯ ಎರಡನ್ನೂ ಬಿಟ್ಟಿದ್ದ. ಹೊರಗೆ ತಿರುಗುವಂತಿಲ್ಲ, ಸಮಯ ಬೇಕಾದಷ್ಟಿದೆ. ಏನು ಮಾಡುವುದು? ಅದೇ ಕಣಿವೆಯ ಪಾಟನ್ ಊರಿನ ಬೌದ್ಧ ಪಂಡಿತ ಅಮೃತಾನಂದರ ಹತ್ತಿರ ಕೂತು ಪ್ರಶ್ನೆ ಕೇಳಿದ. ಸಂಸ್ಕೃತದ ಬೌದ್ಧ ಗ್ರಂಥಗಳ ಹಸ್ತಪ್ರತಿಗಳನ್ನು ಕಟ್ಟುಕಟ್ಟಾಗಿ ಒಟ್ಟುಮಾಡಿದ. ಕಲ್ಕತ್ತಾಕ್ಕೆ, ಲಂಡನ್ನಿಗೆ, ಪ್ಯಾರಿಸ್ಸಿಗೆ ಕಳಿಸಿದ. ಪ್ಯಾರಿಸ್ಸಿನಲ್ಲಿ ಯೂಜೀನ್ ಬರ್ನೂಫ್ ಅವನ್ನೇ ಓದಿ 1844ರಲ್ಲಿ ಬೌದ್ಧಧರ್ಮದ ಚರಿತ್ರೆ ಬರೆದರು. ಯುರೋಪಿನಲ್ಲಿ ಬೌದ್ಧ ಅಧ್ಯಯನ ಬೇರೂರಿದ್ದು ಹಾಗೆ. ಹಕ್ಕಿ, ಪ್ರಾಣಿಗಳನ್ನೂ ಅವನು ಬಿಡಲಿಲ್ಲ. ವಿಜ್ಞಾನಕ್ಕೆ ಅಲ್ಲಿಯವರೆಗೆ ಗೊತ್ತಿಲ್ಲದ ನೂರಕ್ಕೂ ಹೆಚ್ಚು ಹಕ್ಕಿಗಳು ಅವನ ಸಂಗ್ರಹದಿಂದ ಬೆಳಕಿಗೆ ಬಂದವು. ಅವುಗಳ ಚಿತ್ರ ಬರೆದವರು ಮಾತ್ರ ನೇಪಾಳದ ಕಲಾವಿದರು. ರಾಜಮಾನ್ ಸಿಂಗ್ ಎಂಬ ಒಬ್ಬರ ಹೆಸರು ಉಳಿದಿದೆ. ಉಳಿದವರ ಹೆಸರು ಹುಡುಕಬೇಕು.

ಆದರೆ ಹಾಜ್‌ಸನ್ ಬರೀ ಹಕ್ಕಿ ನೋಡುತ್ತಾ ಕೂರಲಿಲ್ಲ. 1840ರ ಹೊತ್ತಿಗೆ ಅರಮನೆಯ ಜಗಳದಲ್ಲಿ ಕೈ ಹಾಕಿ, ಕಂಪನಿಗೆ ಅನುಕೂಲವಾದ ಮಂತ್ರಿಮಂಡಲ ಬರುವಂತೆ ಮಾಡಿದ. ರೆಸಿಡೆನ್ಸಿಯ, ಅಂದರೆ ರೆಸಿಡೆಂಟನ ಕಚೇರಿಯ, ಹಿಂದೆ ನಿಂತ ಒಂದು ಗುಂಪು, ಎದುರು ನಿಂತ ಇನ್ನೊಂದು ಗುಂಪು. ಕಠ್ಮಂಡುವಿನ ರಾಜಕೀಯಕ್ಕೆ ಆಗ ಬಿದ್ದ ಈ ಗೆರೆ ಆಮೇಲೆ ಪೂರ್ತಿ ಅಳಿಸಲೇ ಇಲ್ಲ. ಹೊಸ ಗವರ್ನರ್ ಜನರಲ್ ಎಲೆನ್‌ಬರೋಗೆ ಇದು ಹಿಡಿಸಲಿಲ್ಲ, ಹಾಜ್‌ಸನ್‌ನನ್ನು ತೆಗೆದ.

1846ರ ಸೆಪ್ಟೆಂಬರ್‌ನ ಒಂದು ರಾತ್ರಿ ಕೋಟ್ ಎಂಬ ಆಯುಧಶಾಲೆಯ ಅಂಗಳದಲ್ಲಿ ದರ್ಬಾರಿನ ದೊಡ್ಡವರನ್ನೆಲ್ಲ ಕೊಂದು ಜಂಗ್ ಬಹದ್ದೂರ್ ಮೇಲೆ ಬಂದ. ಆ ರಾತ್ರಿ ರಾಜ ರಾಜೇಂದ್ರ ಸಹಾಯಕ್ಕೆಂದು ರೆಸಿಡೆನ್ಸಿಯ ಬಾಗಿಲಿಗೆ ಹೋಗಿದ್ದನಂತೆ. ಇಷ್ಟು ಹೊತ್ತಿನಲ್ಲಿ ಭೇಟಿ ಆಗುವುದಿಲ್ಲ ಅಂತ ಉತ್ತರ ಬಂತು ಎಂದು ಬರೆದವರಿದ್ದಾರೆ. ಈ ಬಾಗಿಲನ್ನು ನೆನಪಿಡಿ. ನೂರು ವರ್ಷ ಕಳೆದ ಮೇಲೆ ಇನ್ನೊಬ್ಬ ರಾಜನಿಗೆ ಇನ್ನೊಂದು ಬಾಗಿಲು ತೆರೆಯಿತು.

ಅಂದಹಾಗೆ ಬ್ರಿಟಿಷರಿಂದ ತಪ್ಪಿಸಿಕೊಂಡವರಿಗೆ ಆಸರೆಯೂ ಅದೇ ಊರಲ್ಲಿ ಸಿಗುತ್ತಿತ್ತು. ಚುನಾರ್ ಕೋಟೆಯಿಂದ ವೇಷ ಮರೆಸಿಕೊಂಡು ಓಡಿದ ಪಂಜಾಬಿನ ರಾಣಿ ಜಿಂದಾನ್ 1849ರಲ್ಲಿ ಕಠ್ಮಂಡು ಸೇರಿದಳು. 1857ರ ನಂತರ ಅವಧ್‌ನ ಬೇಗಂ ಹಜರತ್ ಮಹಲ್ ಅಲ್ಲಿಗೇ ಹೋದಳು. 1879ರಲ್ಲಿ ಅಲ್ಲೇ ತೀರಿಕೊಂಡಳು, ಅಲ್ಲೇ ಮಣ್ಣಾದಳು. ಆಸರೆ ಕೊಟ್ಟ ಜಂಗ್ ಬಹದ್ದೂರನೇ 1857-58ರಲ್ಲಿ ಬ್ರಿಟಿಷರ ಪರ ಸೈನ್ಯ ತೆಗೆದುಕೊಂಡು ಲಖನೌಗೂ ಬಂದಿದ್ದ. ಅವನ ಲೆಕ್ಕಾಚಾರ ಅವನಿಗೇ ಗೊತ್ತು.

ಮುಂದಿನ ಎಪ್ಪತ್ತೆಂಬತ್ತು ವರ್ಷ ರಾಣಾಗಳ, ಅಂದರೆ ಜಂಗ್ ಬಹದ್ದೂರನ ಮನೆತನದವರ, ಆಳ್ವಿಕೆ, ರೆಸಿಡೆನ್ಸಿಯ ಜೊತೆ ಒಳ್ಳೆಯ ಹೊಂದಾಣಿಕೆ. ಹೇಳಲು ಅಂಥದ್ದೇನಿಲ್ಲ. 1923ರ ಒಪ್ಪಂದದಲ್ಲಿ ಬ್ರಿಟನ್ ನೇಪಾಳವನ್ನು ಸ್ವತಂತ್ರ ದೇಶವೆಂದು ಸ್ಪಷ್ಟವಾಗಿ ಒಪ್ಪಿಕೊಂಡಿತು. ಆಗಲೂ ಕಣಿವೆಗೆ ಮೋಟಾರು ರಸ್ತೆ ಇರಲಿಲ್ಲ. ರಾಣಾಗಳ ಕಾರುಗಳನ್ನು ಉದ್ದದ ಬಿದಿರಿನ ಗಳುಗಳಿಗೆ ಕಟ್ಟಿ ಹತ್ತಾರು ಹಮಾಲರು ಹೆಗಲ ಮೇಲೆ ಹೊತ್ತು ಗುಡ್ಡ ಹತ್ತಿಸಿ ಇಳಿಸುತ್ತಿದ್ದರು. ಅದರ ಫೋಟೋಗಳಿವೆ. ಕಾಲಿಟ್ಟ ಕಡೆ ಜಾರುವ ಕಾಲುದಾರಿ, ಬರಿಗಾಲು, ಮೇಲೆ ಥಳಥಳ ಹೊಳೆಯುವ ಕಾರು.

1947ರಲ್ಲಿ ನಮ್ಮ ಸರದಿ ಬಂತು. ಸ್ವತಂತ್ರ ಭಾರತದ ಮೊದಲ ರಾಯಭಾರಿ ಸುರ್ಜಿತ್ ಸಿಂಗ್ ಮಜೀಠಿಯಾ. 1949ರಲ್ಲಿ ನಾಲ್ಕು ಸೀಟಿನ ಒಂದು ಪುಟ್ಟ ಬೀಚ್‌ಕ್ರಾಫ್ಟ್ ಬೊನಾಂಜಾ ವಿಮಾನ ಇವರನ್ನು ಹೊತ್ತು ಗೌಚರ್ ಎಂಬ ದನ ಮೇಯುವ ಬಯಲಿನಲ್ಲಿ ಇಳಿಯಿತು. ಇವತ್ತಿನ ತ್ರಿಭುವನ್ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದ ಮೊದಲ ವಿಮಾನ ಅದೇ. ಹಳೆಯ ರೆಸಿಡೆನ್ಸಿ ಆವರಣದ ದೊಡ್ಡ ಪಾಲು ಮುಂದೆ ಭಾರತಕ್ಕೆ ಬಂತು. ಬ್ರಿಟಿಷರು ಪಕ್ಕದಲ್ಲೇ ಒಂದು ತುಂಡು ಉಳಿಸಿಕೊಂಡರು. ಜಾಗ ಬಂತು, ಮರಗಳು ಬಂದವು. ಜೊತೆಗೆ ಆ ಕಾಂಪೌಂಡ್ ಮೇಲೆ ಊರಿನವರು ನೂರಮೂವತ್ತು ವರ್ಷ ಇಟ್ಟುಕೊಂಡಿದ್ದ ಅನುಮಾನವೂ ನಮ್ಮ ಪಾಲಿಗೇ ಬಂತು. ಅದಕ್ಕೆ ನಾವು ಹೊಣೆಯಲ್ಲ. ಆದರೆ ಅದನ್ನು ಕಳೆಯಲು ನಾವು ಏನು ಮಾಡಿದೆವು ಎಂದು ಕೇಳಬಹುದಲ್ವಾ?

ಈಗ 1950ಕ್ಕೆ ಬರೋಣ. ಆ ವರ್ಷದ ಎರಡು ದಿನಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಜುಲೈ 31ರಂದು ಭಾರತದ ರಾಯಭಾರಿ ಚಂದ್ರೇಶ್ವರ ಪ್ರಸಾದ್ ನಾರಾಯಣ್ ಸಿಂಗ್ ಮತ್ತು ನೇಪಾಳದ ರಾಣಾ ಪ್ರಧಾನಿ ಮೋಹನ್ ಶಮ್‌ಶೇರ್ ಕಠ್ಮಂಡುವಿನಲ್ಲಿ ಶಾಂತಿ ಮತ್ತು ಸ್ನೇಹ ಒಪ್ಪಂದಕ್ಕೆ ಸಹಿ ಹಾಕಿದರು. ಒಂದು ಕಡೆ ದೇಶದ ಪ್ರಧಾನಿ, ಇನ್ನೊಂದು ಕಡೆ ರಾಯಭಾರಿ. ನಮ್ಮ ಪ್ರಧಾನಿಗೆ ಸಮನಾದವರು ಬಂದು ಸಹಿ ಹಾಕಲಿಲ್ಲ ಎಂದು ನೇಪಾಳದವರು ಇವತ್ತಿಗೂ ಎತ್ತಿ ಆಡುತ್ತಾರೆ. ಅದೇ ದಿನ ಎರಡೂ ಕಡೆಯವರು ಒಂದಿಷ್ಟು ಪತ್ರಗಳನ್ನು ಅದಲುಬದಲು ಮಾಡಿಕೊಂಡರು. ಅವು 1959ರ ತನಕ ಗುಟ್ಟಾಗಿಯೇ ಇದ್ದವು.

ಅದಾಗಿ ಮೂರು ತಿಂಗಳು ದಾಟಿತ್ತು. ನವೆಂಬರ್ 6ರ ಬೆಳಿಗ್ಗೆ ರಾಜ ತ್ರಿಭುವನ್ ಬೇಟೆಗೆ ಹೋಗುತ್ತೇನೆಂದು ನಾರಾಯಣಹಿಟಿ ಅರಮನೆಯಿಂದ ಹೊರಟ. ಆತ ಹೆಸರಿಗೆ ರಾಜ. ಆಳುತ್ತಿದ್ದವರು ರಾಣಾಗಳು, ಅರಮನೆಯಿಂದ ಕಾಲು ಹೊರಗಿಡಬೇಕಾದರೂ ಅವರನ್ನು ಕೇಳಬೇಕು. ಕಾರುಗಳ ಸಾಲಿನಲ್ಲಿ ರಾಣಿಯರು, ಯುವರಾಜ ಮಹೇಂದ್ರ, ಮೊಮ್ಮಗ ಬೀರೇಂದ್ರ. ಹಿಂದೆ ರಾಣಾಗಳ ಕಾವಲಿನವರು. ದಾರಿಯಲ್ಲಿ ಭಾರತದ ರಾಯಭಾರ ಕಚೇರಿಯ ಗೇಟು ಬಂತು. ಕಾರುಗಳು ಸರಕ್ಕನೆ ಒಳಕ್ಕೆ ತಿರುಗಿದವು. ಕಾವಲಿನವರು ಹೊರಗೇ ಉಳಿದರು. ಅದು ಬೇರೆ ದೇಶದ ರಾಯಭಾರ ಕಚೇರಿ, ಅಪ್ಪಣೆ ಇಲ್ಲದೆ ಅವರು ಕಾಲಿಡುವಂತಿಲ್ಲ.

ಒಬ್ಬ ಮೊಮ್ಮಗ ಮಾತ್ರ ಅರಮನೆಯಲ್ಲೇ ಉಳಿದಿದ್ದ. ಮೂರು ವರ್ಷದ ಜ್ಞಾನೇಂದ್ರ. ಮರುದಿನವೇ ಮೋಹನ್ ಶಮ್‌ಶೇರ್ ಆ ಮಗುವನ್ನು ಸಿಂಹಾಸನದ ಮೇಲೆ ಕೂರಿಸಿ ಇವನೇ ರಾಜ ಎಂದು ಸಾರಿದ. ಭಾರತ ಒಪ್ಪಲಿಲ್ಲ. ನಾಲ್ಕೈದು ದಿನದೊಳಗೆ ಭಾರತದ ವಿಮಾನದಲ್ಲಿ ತ್ರಿಭುವನ್ ಮತ್ತು ಕುಟುಂಬ ದೆಹಲಿಗೆ ಬಂದರು. ಅದೇ ಹೊತ್ತಿಗೆ ನೇಪಾಳಿ ಕಾಂಗ್ರೆಸ್ ಪಕ್ಷ ರಾಣಾಗಳ ವಿರುದ್ಧ ಆಯುಧ ಹಿಡಿದು ಗಡಿಯ ಬೀರ್‌ಗಂಜ್ ಮೇಲೆ ನುಗ್ಗಿತು. ಬ್ರಿಟನ್ ಮಾತ್ರ ಆ ಮಗುವನ್ನು ಒಪ್ಪುವುದೋ ಬಿಡುವುದೋ ಎಂದು ತೂಗುತ್ತಾ ಕೂತಿತ್ತು. 1951ರ ಫೆಬ್ರುವರಿಯಲ್ಲಿ ತ್ರಿಭುವನ್ ಮರಳಿ ಹೋದ. 18ನೇ ತಾರೀಕು ರಾಜನ ಘೋಷಣೆ ಹೊರಟಿತು. ನೂರನಾಲ್ಕು ವರ್ಷದ ರಾಣಾ ಆಳ್ವಿಕೆ ಅಲ್ಲಿಗೆ ಮುಗಿಯಿತು. ಅಂದು ಮೂರು ವರ್ಷಕ್ಕೆ ರಾಜನಾದ ಜ್ಞಾನೇಂದ್ರನೇ 2001ರಲ್ಲಿ ಮತ್ತೆ ರಾಜನಾಗಿ, 2008ರಲ್ಲಿ ಸಿಂಹಾಸನವನ್ನೇ ಕಳೆದುಕೊಂಡ. ಕಥೆಗಾರರು ಕಟ್ಟಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.

ಸಚಿವರೇ, ಆ ಬೆಳಗಿನ ಬಗ್ಗೆ ನಾನು ಬರೆದದ್ದೆಲ್ಲ ಎಲ್ಲರೂ ಬರೆದದ್ದೇ. ಆ ಗೇಟಿನ ಒಳಗಿನ ಕಥೆ ಬೇಕಲ್ಲ? ರಾಜ ಬರುವುದು ರಾಯಭಾರಿಗೆ ಎಷ್ಟು ದಿನ ಮುಂಚೆ ಗೊತ್ತಿತ್ತು? ದೆಹಲಿಯಿಂದ ಯಾವಾಗ ಒಪ್ಪಿಗೆ ಬಂತು? ಜುಲೈನಲ್ಲಿ ರಾಣಾ ಪ್ರಧಾನಿಯ ಜೊತೆ ಕೂತು ಸಹಿ ಹಾಕುವಾಗಲೇ ಈ ಮಾತು ನಡೆದಿತ್ತೇ? ರಾಜಕುಟುಂಬ ಅಲ್ಲಿದ್ದಾಗ ಮೋಹನ್ ಶಮ್‌ಶೇರ್ ಕಡೆಯಿಂದ ಯಾರು ಬಂದರು, ಏನು ಹೇಳಿ ಕಳಿಸಿದರು? ಇದಕ್ಕೆಲ್ಲ ಉತ್ತರ ತಂತಿಗಳಲ್ಲಿ, ವರದಿಗಳಲ್ಲಿ, ಅಡಿಟಿಪ್ಪಣಿಗಳಲ್ಲಿ ಇರುತ್ತದೆ. ನಮಗೆ ಸಿಗುವುದು ನಿವೃತ್ತರಾದ ದೊಡ್ಡ ಅಧಿಕಾರಿಗಳ ನೆನಪಿನ ಪುಸ್ತಕಗಳು. ನೆನಪಿನ ಪುಸ್ತಕದಲ್ಲಿ ಬರೆದವರು ಯಾವಾಗಲೂ ಸರಿಯಾಗಿಯೇ ನಡೆದುಕೊಂಡಿರುತ್ತಾರೆ!

ಘೋಷಣೆಯ ನಂತರದ ಕಾಲವಂತೂ ಇನ್ನೂ ಸೂಕ್ಷ್ಮ. ಭಾರತದ ಐಸಿಎಸ್ ಅಧಿಕಾರಿಯೊಬ್ಬರು ತ್ರಿಭುವನ್‌ನ ಕಾರ್ಯದರ್ಶಿಯಾಗಿ ಅರಮನೆಯಲ್ಲೇ ಕೂತರು. ಹೆಸರು ಗೋವಿಂದ ನಾರಾಯಣ್. ಹೌದು, 1977ರಿಂದ 1983ರ ತನಕ ಕರ್ನಾಟಕದ ರಾಜ್ಯಪಾಲರಾಗಿದ್ದ ಅದೇ ಗೋವಿಂದ ನಾರಾಯಣ್. ಆಗಲೇ ಹೇಳುತ್ತೇನೆಂದ ಇನ್ನೊಂದು ಸಂಬಂಧ ಇದು. ಬೆಂಗಳೂರಿನ ರಾಜಭವನದಲ್ಲಿ ಆರು ವರ್ಷ ಇದ್ದವರ ತಲೆಯಲ್ಲಿ ನೇಪಾಳದ ಅರಮನೆಯ ಎಷ್ಟು ಗುಟ್ಟುಗಳಿದ್ದವೋ, ನಮ್ಮ ಪತ್ರಕರ್ತರು ಕೇಳಿದ್ದರೋ ಇಲ್ಲವೋ.

1952ರಲ್ಲಿ ಭಾರತದ ಸೇನಾ ತಂಡ ಹೋಯಿತು. ಉತ್ತರದ ಗಡಿಯಲ್ಲಿ, ಟಿಬೆಟ್ಟಿನ ಕಡೆ ನೋಡುವ ಠಾಣೆಗಳಲ್ಲಿ, ನಮ್ಮ ವೈರ್‌ಲೆಸ್ ಸಿಬ್ಬಂದಿ ಇದ್ದರು. ನೇಪಾಳ ಪಟ್ಟು ಹಿಡಿದ ಮೇಲೆ 1970ರ ಹೊತ್ತಿಗೆ ಅವರನ್ನು ವಾಪಸ್ ಕರೆಸಿಕೊಂಡೆವು. ಇನ್ನೊಂದು ಕಡೆ, ಹಮಾಲರು ಕಾರು ಹೊರುತ್ತಿದ್ದ ಆ ಗುಡ್ಡಗಳಲ್ಲಿ ಭಾರತವೇ ರಸ್ತೆ ಕಡಿಸಿತು. ತ್ರಿಭುವನ್ ರಾಜಪಥ 1956ಕ್ಕೆ ಸಿದ್ಧವಾಯಿತು. ಕಣಿವೆಗೆ ಮೊದಲ ಮೋಟಾರು ರಸ್ತೆ ಕೊಟ್ಟವರು ನಾವು, ರಾಜನ ಪಕ್ಕ ನಮ್ಮ ಅಧಿಕಾರಿಯನ್ನು ಕೂರಿಸಿದವರೂ ನಾವೇ. ನಾವು ರಸ್ತೆಯ ಕಥೆ ಹೇಳುತ್ತೇವೆ, ಅವರು ಅಧಿಕಾರಿಯ ಕಥೆ ಹೇಳುತ್ತಾರೆ. ಇಬ್ಬರ ಹತ್ತಿರವೂ ಅರ್ಧರ್ಧ ಕಥೆ ಇದೆ. ಪೂರ್ತಿ ಕಾಗದ ನಿಮ್ಮ ಹತ್ತಿರ ಇದೆ.

ನವೆಂಬರ್ 6ರ ಘಟನೆಗೆ ಮುಕ್ಕಾಲು ಶತಮಾನ ಆಯಿತು. ಅಲ್ಲಿದ್ದ ದೊಡ್ಡವರು ಯಾರೂ ಇವತ್ತು ಇಲ್ಲ. ರಾಜಪ್ರಭುತ್ವವೇ ಇಲ್ಲ. ಇನ್ನು ಯಾರ ಮರ್ಯಾದೆ ಉಳಿಸಲು ಮುಚ್ಚಿಡಬೇಕು?

ನಾನು ಕೇಳುತ್ತಿರುವುದು ಹೊಸದೇನಲ್ಲ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಇದೆ. ಅದರ ನಿಯಮಗಳ ಪ್ರಕಾರ 25 ವರ್ಷ ದಾಟಿದ, ಉಳಿಸಿಕೊಳ್ಳಬೇಕಾದ ದಾಖಲೆಗಳು ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗಬೇಕು. ನಿಮ್ಮ ಇಲಾಖೆ ಆಗಾಗ ಕಂತಿನಲ್ಲಿ ಕಳಿಸುತ್ತದೆ, ನಿಜ. ಆದರೆ ಹೆಚ್ಚು ಬೇಕಾದ ಕಡತದ ಮೇಲೆ ಗುಪ್ತ ಎಂಬ ಮೊಹರು ಹಾಗೇ ಇದ್ದುಬಿಡುತ್ತದೆ. ರೆಸಿಡೆನ್ಸಿ ಕಾಲದ ದಾಖಲೆಗಳ ಕಥೆ ಇದಕ್ಕಿಂತ ವಾಸಿ. ಅವುಗಳ ಒಂದು ದೊಡ್ಡ ರಾಶಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ, ಪಟ್ಟಿ ಇದೆ, ಕೇಳಿದವರಿಗೆ ಕೊಡುತ್ತಾರೆ. ಪರಕೀಯರು ನಡೆಸಿದ ಕಾರುಬಾರು ಲಂಡನ್ನಿನಲ್ಲಿ ಓದಲು ಸಿಗುತ್ತದೆ. ನಮ್ಮ ಹೆಸರಿನಲ್ಲಿ ನಮ್ಮ ಸರ್ಕಾರ ನಡೆಸಿದ್ದು ದೆಹಲಿಯಲ್ಲಿ ಸಿಗುವುದಿಲ್ಲ.

2015ರ ಗಡಿ ದಿಗ್ಬಂಧನದ ಕಾಗದಗಳನ್ನು ನಾನು ಕೇಳುತ್ತಿಲ್ಲ. ಅದಕ್ಕೆ ಇನ್ನೂ ಟೈಮ್ ಇದೆ. 1989ರದ್ದು ಕೇಳುತ್ತಿದ್ದೇನೆ. ಆ ಮಾರ್ಚ್‌ನಲ್ಲಿ ವ್ಯಾಪಾರ ಮತ್ತು ಸಾಗಣೆ ಒಪ್ಪಂದಗಳ ಅವಧಿ ಮುಗಿಯಿತು. ಗಡಿಯ ನಾಕೆಗಳಲ್ಲಿ ಎರಡನ್ನು ಬಿಟ್ಟು ಉಳಿದವೆಲ್ಲ ಮುಚ್ಚಿದವು. ಕಠ್ಮಂಡುವಿನಲ್ಲಿ ಸೀಮೆಎಣ್ಣೆಗೆ ಸಾಲು ನಿಂತಿತು. ಆ ತಿಂಗಳುಗಳಲ್ಲಿ ಲೈಂಚೌರ್‌ನಿಂದ ದೆಹಲಿಗೆ ಏನು ಬರೆದರು? ಜನ ಕಷ್ಟಪಡುತ್ತಿದ್ದಾರೆ, ಇದು ನಮಗೇ ಒಳ್ಳೆಯದಲ್ಲ ಎಂದು ಯಾರಾದರೂ ಬರೆದಿದ್ದರೆ ಅವರ ಹೆಸರು ಗೊತ್ತಾಗಲಿ. ಅಂಥವರು ಇದ್ದೇ ಇರುತ್ತಾರೆ, ನನಗೆ ಆ ನಂಬಿಕೆ ಇದೆ.

ಮುಚ್ಚಿಡುವ ಚಟ ನಮ್ಮಲ್ಲಿ ಎಷ್ಟಿದೆ ಎಂದರೆ, ಎರಡೂ ದೇಶಗಳು ಸೇರಿ 2016ರಲ್ಲಿ ಗಣ್ಯರ ಒಂದು ಗುಂಪು ಮಾಡಿದವು. 1950ರ ಒಪ್ಪಂದವೂ ಸೇರಿ ಎಲ್ಲವನ್ನೂ ನೋಡಿ ಸಲಹೆ ಕೊಡಿ ಅಂದವು. ಅವರು 2018ರಲ್ಲಿ ವರದಿ ಮುಗಿಸಿದರು. ಅದನ್ನು ಕೈಗೆ ತೆಗೆದುಕೊಳ್ಳುವವರೇ ಬರಲಿಲ್ಲ. ನಾವೇ ಬರೆಸಿದ ವರದಿ ಓದಲು ನಮಗೇ ಹೆದರಿಕೆಯೇ?

ಹೀಗೆ ಮುಚ್ಚಿಟ್ಟ ಜಾಗವನ್ನು ಗಾಳಿಮಾತು ತುಂಬಿಕೊಳ್ಳುತ್ತದೆ. ನೇಪಾಳದಲ್ಲಿ ಸರ್ಕಾರ ಬಿದ್ದರೆ ಲೈಂಚೌರ್ ಕಡೆ ಬೆರಳು, ಸರ್ಕಾರ ಬಂದರೂ ಲೈಂಚೌರ್ ಕಡೆಗೇ ಬೆರಳು. ಇದರ ಬಿಸಿ ಸಂಬಂಧವೇ ಇಲ್ಲದವರಿಗೆ ತಟ್ಟುತ್ತದೆ. ನಮ್ಮ ಭಟ್ಟರ ವಿಷಯದಲ್ಲಿ ಆದದ್ದು ಅದೇ. 2008ರ ಕೊನೆಗೆ ಅಲ್ಲಿನ ಮಾವೋವಾದಿ ಸರ್ಕಾರ ಪಶುಪತಿನಾಥದಲ್ಲಿ ಕರ್ನಾಟಕದ ಅರ್ಚಕರ ಜಾಗಕ್ಕೆ ನೇಪಾಳಿ ಅರ್ಚಕರನ್ನು ನೇಮಿಸಿತು. ಭಕ್ತರು ಬೀದಿಗಿಳಿದರು, ನೇಪಾಳದ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಸರ್ಕಾರ ಹಿಂದೆ ಸರಿಯಿತು. ಮುಂದಿನ ಸೆಪ್ಟೆಂಬರ್‌ನಲ್ಲಿ ಕರ್ನಾಟಕದಿಂದ ಹೊಸದಾಗಿ ಹೋದ ಇಬ್ಬರು ಭಟ್ಟರ ಮೇಲೆ ದೇವಸ್ಥಾನದಲ್ಲೇ ಹಲ್ಲೆ ಆಯಿತು. ಆಗ ನಿಮ್ಮ ಕುರ್ಚಿಯಲ್ಲಿದ್ದವರು ನಮ್ಮವರೇ ಆದ ಎಸ್.ಎಂ. ಕೃಷ್ಣ. ಪೂಜೆಗೆ ಹೋದವರ ಮೇಲೆ ಯಾಕೆ ಕೈ ಎತ್ತಿದರು? ಕಾರಣ ಹಲವು ಇರಬಹುದು. ಆದರೆ ಭಾರತದಿಂದ ಬಂದವರೆಲ್ಲ ಆ ಕಾಂಪೌಂಡಿನವರೇ ಎನ್ನುವ ಹಳೆಯ ಅನುಮಾನವೂ ಅದರಲ್ಲಿ ಒಂದು.

ಆ ಕಾಂಪೌಂಡಿನಿಂದ ಒಳ್ಳೆಯದೂ ಬೇಕಾದಷ್ಟು ಆಗುತ್ತಿದೆ. ನಮ್ಮ ಸೈನ್ಯದಲ್ಲಿ ದುಡಿದ ಗೂರ್ಖಾ ಮುದುಕರಿಗೆ ಕಠ್ಮಂಡು, ಪೋಖರಾ, ಧರಾನ್‌ಗಳಲ್ಲಿ ಪಿಂಚಣಿ ಕೊಡುವ ಕಚೇರಿಗಳನ್ನು ನಡೆಸುವುದು ಇದೇ ರಾಯಭಾರ ಕಚೇರಿ. ರಾಷ್ಟ್ರೀಯ ಹಬ್ಬಗಳ ದಿನ ಅಲ್ಲಿನ ಊರುಗಳಿಗೆ ಆಂಬುಲೆನ್ಸ್, ಶಾಲಾ ಬಸ್ಸು ಕೊಡುತ್ತಾರೆ. ಸಂತೋಷ. ಅದರ ಫೋಟೋ ತಪ್ಪದೆ ಬರುತ್ತದೆ. ಕಡತಗಳ ಪಟ್ಟಿ ಮಾತ್ರ ಬರುವುದಿಲ್ಲ.

ಇನ್ನೊಂದು ಸಣ್ಣ ಕೋರಿಕೆ. ಆವರಣದ ಯಾವುದಾದರೂ ಮೂಲೆಯಲ್ಲಿ ಒಂದು ಕೋಣೆ ಬಿಡಿಸಿಕೊಡಿ. ದೊಡ್ಡ ಮ್ಯೂಸಿಯಂ ಬೇಡ, ಉದ್ಘಾಟನೆಗೆ ನೀವು ಹೋಗುವುದೂ ಬೇಡ. ರಾಜಮಾನ್ ಸಿಂಗ್ ಬರೆದ ಹಕ್ಕಿಗಳ ಪ್ರತಿಗಳು, ಅಮೃತಾನಂದರ ಬಗ್ಗೆ ನಾಲ್ಕು ಸಾಲು, ಕಾರು ಹೊತ್ತವರ ಫೋಟೋ, 1950ರ ಒಪ್ಪಂದದ ಜೊತೆಗೆ ಆ ಗುಟ್ಟಿನ ಪತ್ರಗಳ ನಕಲು ಇರಲಿ. 1964ರಲ್ಲಿ ಎವರೆಸ್ಟ್ ಕಡೆಯ ಚಾರಣದಲ್ಲಿದ್ದಾಗಲೇ ತೀರಿಕೊಂಡ ನಮ್ಮ ರಾಯಭಾರಿ ಹರೀಶ್ವರ ದಯಾಳ್ ಅವರ ಒಂದು ಚಿತ್ರವೂ ಇರಲಿ. ವಿವರಗಳನ್ನು ನೇಪಾಳಿ, ನೇವಾರಿ ಭಾಷೆಗಳಲ್ಲೂ ಬರೆಸಿ. ಬರೆಸುವಾಗ ನೇಪಾಳದ ಇತಿಹಾಸಕಾರರನ್ನೂ ಕರೆದು ಕೂರಿಸಿಕೊಳ್ಳಿ, ಅವರು ಒಪ್ಪದ ಸಾಲು ಇದ್ದರೆ ಅವರ ಮಾತನ್ನೂ ಪಕ್ಕದಲ್ಲೇ ಹಾಕಿ. ವಾರಕ್ಕೊಂದು ದಿನ ಅಲ್ಲಿನ ಶಾಲಾ ಮಕ್ಕಳನ್ನು ಒಳಗೆ ಬಿಡಿ. ಭದ್ರತೆಯ ಕಷ್ಟ ನನಗೆ ಗೊತ್ತು. ಪ್ರತಿ ವರ್ಷ ರಾಷ್ಟ್ರಪತಿ ಭವನದ ತೋಟವನ್ನೇ ಲಕ್ಷಾಂತರ ಜನರಿಗೆ ತೆರೆಯುವ ದೇಶ ನಮ್ಮದು, ಒಂದು ಕೋಣೆ ತೆರೆಯುವುದು ಆಗದ ಕೆಲಸವೇನಲ್ಲ.

ಈ ಪತ್ರಕ್ಕೆ ನನಗೆ ಉತ್ತರ ಬರೆಯಬೇಕಿಲ್ಲ. ಕಠ್ಮಂಡು ಕಚೇರಿಯ 1947ರಿಂದ 1990ರವರೆಗಿನ ಕಡತಗಳ ಪಟ್ಟಿಯನ್ನು ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್ ಜಾಲತಾಣಕ್ಕೆ ಹಾಕಿಸಿ. ಕೊಡಲಾಗದ ಕಡತ ಇದ್ದರೆ ಅದರ ಹೆಸರಿನ ಮುಂದೆ ಕೊಡಲಾಗದು ಎಂದೇ ಬರೆಯಿರಿ, ಯಾಕೆ ಅನ್ನುವುದನ್ನೂ ಬರೆಯಿರಿ. ಮೊದಲು 1950ರದ್ದು ಹಾಕಿ. ಉಳಿದದ್ದನ್ನು ನಾವು ಹುಡುಕಿಕೊಳ್ಳುತ್ತೇವೆ.

ಇಂತಿ ನಮಸ್ಕಾರಗಳು,
ಒಬ್ಬ ಕನ್ನಡ ಓದುಗ